ಹನ್ನೆರಡು ಭಾನುವಾರದ ಆಯಿಲ್

"ಈ ಪುಸ್ತಕ ಬರೆದಿದ್ದು ಯಾರು?" ಎಂದು ಟೈ ಅಂಕಲ್ ಕೇಳಿದರು.

ಅಪ್ಪ ಬಟಾಣಿಯ ತಲೆಯ ಮೇಲೆ ಕೈಯಿಟ್ಟ. ಬಟಾಣಿ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಳು.

ಅದು ದೊಡ್ಡ ಗ್ಯಾರೇಜಿನ ಆಫೀಸು. ಒಳಗೆ ಎ.ಸಿ. ತಣ್ಣಗೆ ಬೀಸುತ್ತಿತ್ತು. ಗಾಜಿನ ಗೋಡೆಯ ಆಚೆ ಕಾರುಗಳೆಲ್ಲ ಹಲ್ಲಿನ ಡಾಕ್ಟರ ಹತ್ತಿರ ಬಂದವರ ಹಾಗೆ ಬಾಯಿ ತೆರೆದುಕೊಂಡು ನಿಂತಿದ್ದವು. ಅಲ್ಲಿ ಕೆಲಸ ಮಾಡುವವರೆಲ್ಲ ನೀಲಿ ಬಟ್ಟೆ ಹಾಕಿದ್ದರು. ಟೈ ಕಟ್ಟಿಕೊಂಡಿದ್ದವರು ಇವರೊಬ್ಬರೇ. ಅದಕ್ಕೇ ಬಟಾಣಿ ಮನಸ್ಸಿನಲ್ಲೇ ಅವರಿಗೆ ಟೈ ಅಂಕಲ್ ಎಂದು ಹೆಸರಿಟ್ಟಿದ್ದಳು.

ಬಟಾಣಿ ಅನ್ನುವುದೂ ಹಾಗೆ ಯಾರೋ ಇಟ್ಟ ಹೆಸರೇ. ಹುಟ್ಟಿದಾಗ ಅವಳು ಅಷ್ಟು ಚಿಕ್ಕದಾಗಿ, ದುಂಡಗೆ ಇದ್ದಳಂತೆ. ಈಗ ಐದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ ಅವಳೇ. ಆದರೂ ಹೆಸರು ಮಾತ್ರ ಬೆಳೆಯಲಿಲ್ಲ.

ಟೈ ಅಂಕಲ್ ಒಂದೊಂದೇ ಪುಟ ತಿರುಗಿಸಿದರು. ಪುಸ್ತಕದಲ್ಲಿ ಸ್ಕೇಲು ಹಿಡಿದು ಎಳೆದ ಗೆರೆಗಳಿದ್ದವು. ಪ್ರತಿ ಭಾನುವಾರದ ತಾರೀಕು, ಅದರ ಮುಂದೆ ಕಾರಿನ ಆಯಿಲ್ ಎಷ್ಟಿದೆ ಅನ್ನುವ ವಿವರ. ಇದು ಅಪ್ಪ ಅವಳಿಗೆ ವಹಿಸಿದ ಕೆಲಸ. ಬಾನೆಟ್ ಎತ್ತಬೇಕು, ಇಂಜಿನ್ನಿನ ಒಳಗಿಂದ ಆಯಿಲ್ ನೋಡುವ ಉದ್ದನೆಯ ಕಡ್ಡಿಯನ್ನು ಎಳೆಯಬೇಕು, ಬಟ್ಟೆಯಲ್ಲಿ ಒರೆಸಬೇಕು, ಮತ್ತೆ ಅದ್ದಿ ತೆಗೆದು ನೋಡಬೇಕು. ಕಡ್ಡಿಯ ತುದಿಯಲ್ಲಿ ಎರಡು ಗೆರೆ ಇವೆ. ಆಯಿಲ್ ಅವೆರಡರ ಮಧ್ಯೆ ಇದ್ದರೆ ಸರಿ. ಕೆಳಗಿನ ಗೆರೆಗಿಂತ ಇಳಿದಿದ್ದರೆ ಅರ್ಧ ಕಪ್ ಹೊಸ ಆಯಿಲ್ ಹಾಕಬೇಕು. ಅದಕ್ಕಿಂತ ಜಾಸ್ತಿ ಒಮ್ಮೆಗೇ ಸುರಿಯಬಾರದು ಅಂತ ಅಪ್ಪನ ಕಟ್ಟಪ್ಪಣೆ.

ಮೊದಲಿನ ಪುಟಗಳಲ್ಲೆಲ್ಲ 'ಸರಿ ಇದೆ' ಎಂದಿತ್ತು. ಆಮೇಲೆ ಅವರು ಮನೆ ಬದಲಾಯಿಸಿದರು. ಹೊಸ ಮನೆಗೆ ಬಂದ ಮೇಲೆ ಹನ್ನೆರಡು ಭಾನುವಾರವೂ ಒಂದೇ ಸಾಲು: 'ಕಡಿಮೆ ಇದೆ. ಅರ್ಧ ಕಪ್ ಹಾಕಿದೆ.'

"ಇಷ್ಟು ನೀಟಾಗಿ ನಮ್ಮ ಗ್ಯಾರೇಜಿನಲ್ಲೂ ಯಾರೂ ಬರೆಯಲ್ಲ," ಎಂದರು ಟೈ ಅಂಕಲ್. ಬಟಾಣಿಗೆ ಕಿವಿ ಬಿಸಿಯಾಗುವಷ್ಟು ಖುಷಿಯಾಯಿತು.

ಆ ಖುಷಿ ಒಂದೇ ನಿಮಿಷ ಇತ್ತು. ಟೈ ಅಂಕಲ್ ಪುಸ್ತಕ ಮುಚ್ಚಿ ಅಪ್ಪನ ಕಡೆ ತಿರುಗಿದರು.

"ಸರ್, ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರ್ತಿದೆ, ನಾನೇ ನೋಡಿದೆ. ವಾರವಾರ ಆಯಿಲ್ ಬೇರೆ ಕುಡೀತಿದೆ, ನಿಮ್ಮ ಮಗಳೇ ಬರೆದಿದ್ದಾಳೆ. ಒಳಗೆಲ್ಲ ಸವೆದುಹೋಗಿದೆ. ಇಂಜಿನ್ ಬಿಚ್ಚಲೇಬೇಕು."

ಎಷ್ಟಾಗುತ್ತದೆ ಎಂದು ಅಪ್ಪ ಕೇಳಿದ. ಟೈ ಅಂಕಲ್ ಒಂದು ಚೀಟಿಯ ಮೇಲೆ ಬರೆದು ಮೇಜಿನ ಮೇಲೆ ಸರಿಸಿದರು. ಅಪ್ಪ ಅದನ್ನು ಓದಿ, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಓದಿದ. ಅಪ್ಪನ ಕೆಲಸವೇ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವುದು. ಆದರೂ ಚೀಟಿಯಲ್ಲಿದ್ದದ್ದು ಎರಡನೇ ಸಲವೂ ಅಷ್ಟೇ ಇತ್ತು.

ಸೋಮವಾರ ಬೆಳಿಗ್ಗೆ ಕಾರು ತಂದು ಬಿಡುತ್ತೇನೆ ಎಂದು ಹೇಳಿ ಅಪ್ಪ ಎದ್ದ.

ಮನೆಗೆ ಬರುವಾಗ ಬಟಾಣಿ ಆಗಾಗ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ಸಿಗ್ನಲ್ಲಿನಲ್ಲಿ ಕಾರು ಹೊರಟಾಗಲೆಲ್ಲ ಹಿಂದೆ ನೀಲಿ ಹೊಗೆ ಪುಸ್ಸೆಂದು ಬರುತ್ತಿತ್ತು. ಹಿಂದಿದ್ದ ಸ್ಕೂಟರಿನವರು ಮೂಗು ಮುಚ್ಚಿಕೊಂಡರು.

ಅಮ್ಮ ಕಿಟಕಿ ಪರದೆ ಹೊಲಿಯುವವಳು. ಬರೀ ಹೊಲಿಯುವುದಷ್ಟೇ ಅಲ್ಲ, ಮನೆಮನೆಗೆ ಹೋಗಿ ಕಿಟಕಿ ಅಳೆದು, ಬಟ್ಟೆ ತೋರಿಸಿ, ಹೊಲಿದು, ಸರಳು ಹಾಕಿ, ಪರದೆ ನೇತುಹಾಕಿ ಬರುತ್ತಾಳೆ. ಏಣಿ, ಸರಳು, ಬಟ್ಟೆಯ ಗಂಟು, ಡ್ರಿಲ್ಲಿಂಗ್ ಮೆಷಿನ್ನು, ಇಷ್ಟನ್ನೂ ಹೊರುವುದು ಆ ಕಾರೇ. ಕಾರಿಲ್ಲದಿದ್ದರೆ ಅಮ್ಮನಿಗೆ ಕೈಕಾಲು ಕಟ್ಟಿಹಾಕಿದಂತೆ.

ಅಮ್ಮನ ಹೊಲಿಗೆ ಮೆಷಿನ್ನಿಗೆ ಅಮ್ಮನಷ್ಟೇ ವಯಸ್ಸಾಗಿದೆ. ತೆಳು ಬಟ್ಟೆಗೆ ಅದು ಜಗ್ಗುವುದಿಲ್ಲ. ದಪ್ಪ ಪರದೆಯ ಅಂಚು ನಾಲ್ಕು ಮಡಿಕೆಯಾಗಿ ಸೂಜಿಯ ಕೆಳಗೆ ಬಂತೋ, ಗರ್ ಎಂದು ನಿಂತುಬಿಡುತ್ತದೆ. ಆಗ ಅಮ್ಮ ಬಲಭುಜ ಎತ್ತಿ, ಮೈಭಾರವೆಲ್ಲ ಹಾಕಿ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾಳೆ. ದಿನವೂ ಸಂಜೆ ಆ ಭುಜಕ್ಕೆ ಬಿಸಿನೀರಿನ ಬ್ಯಾಗ್ ಬೇಕು. ಹೊಸ ಮೆಷಿನ್ನಿಗೆಂದು ಅಮ್ಮ ಎರಡು ವರ್ಷದಿಂದ ದುಡ್ಡು ಕೂಡಿಡುತ್ತಿದ್ದಳು. ಅಂಗಡಿಗೆ ಹೋಗಿ ಮೂರು ಸಲ ಮೆಷಿನ್ ನೋಡಿಕೊಂಡೂ ಬಂದಿದ್ದಳು. ನೋಡುವುದಕ್ಕೇನು ದುಡ್ಡು ಕೊಡಬೇಕಾಗಿಲ್ಲವಲ್ಲ ಅನ್ನುತ್ತಿದ್ದಳು.

ಅಪ್ಪ ಚೀಟಿ ತೋರಿಸಿದಾಗ ಅಮ್ಮ ಅದನ್ನು ಸುಮ್ಮನೆ ಓದಿದಳು.

"ಬೇಕೇ ಬೇಕಾ ಇದು?" ಎಂದು ಕೇಳಿದಳು. "ಹಳೇ ಮನೆ ಹತ್ತಿರದ ಮೆಕ್ಯಾನಿಕ್ ಮಾಮನಿಗೂ ಒಂದ್ಸಲ ತೋರಿಸಬಹುದಲ್ಲಾ?"

ಅವರು ತಾನೇ ಹೊಸದಾಗಿ ಏನು ಹೇಳುತ್ತಾರೆ ಎಂದ ಅಪ್ಪ. ಹೊಗೆ ಕಣ್ಣಿಗೇ ಕಾಣುತ್ತಿದೆ. ಬಟಾಣಿಯ ಪುಸ್ತಕವಂತೂ ಒಂದು ವಾರವೂ ಬಿಡದೆ ಅದನ್ನೇ ಹೇಳುತ್ತಿದೆ. ಅಮ್ಮನೂ ಪುಸ್ತಕ ತಿರುವಿ ನೋಡಿ ತಲೆಯಾಡಿಸಿದಳು. ಆಮೇಲೆ ಅಂಗಡಿಯಿಂದ ತಂದು ಅಂಟಿಸಿದ್ದ, ಹೊಸ ಮೆಷಿನ್ನಿನ ಚಿತ್ರವಿದ್ದ ಕಾಗದವನ್ನು ಗೋಡೆಯಿಂದ ಕಿತ್ತು, ಮಡಿಸಿ ಡ್ರಾಯರಿನೊಳಗೆ ಹಾಕಿದಳು.

"ಮೆಷಿನ್ ಎಲ್ಲಿ ಓಡಿಹೋಗುತ್ತೆ? ಮೊದಲು ಕಾರು ಸರಿಹೋಗ್ಲಿ," ಎಂದು ನಕ್ಕಳು.

ಅಮ್ಮ ನಕ್ಕಿದ್ದು ನೋಡಿಯೇ ಬಟಾಣಿಗೆ ಅಳು ಬಂದಂತಾಯಿತು.

ಮರುದಿನ ಶನಿವಾರ. ಅಮ್ಮ ಒಬ್ಬರು ಡಾಕ್ಟರ ಮನೆಗೆ ಪರದೆ ಹಾಕಲು ಹೊರಟಾಗ ಬಟಾಣಿಯೂ ಜೊತೆಗೆ ಹೋದಳು. ಅದು ಹೊಸ ಅಪಾರ್ಟ್‌ಮೆಂಟು. ಕೆಳಗಿನ ಪಾರ್ಕಿಂಗಿನ ನೆಲ ಕೇರಂ ಬೋರ್ಡಿನ ಹಾಗೆ ನುಣ್ಣಗೆ, ಸಮನಾಗಿತ್ತು.

ಅಮ್ಮ ಏಣಿ ಹತ್ತಿದಳು. ರಸಮಟ್ಟ ಹಿಡಿದುಕೊಳ್ಳುವುದು ಬಟಾಣಿಯ ಕೆಲಸ. ರಸಮಟ್ಟ ಅಂದರೆ ಒಂದು ಹಳದಿ ಪಟ್ಟಿ. ಅದರ ನಡುವೆ ನೀರಿನಂಥದ್ದು ತುಂಬಿದ ಪುಟ್ಟ ಗಾಜಿನ ಕೊಳವೆ, ಕೊಳವೆಯೊಳಗೆ ಒಂದು ಗುಳ್ಳೆ. ಸರಳಿನ ಮೇಲೆ ಇಟ್ಟಾಗ ಗುಳ್ಳೆ ಸರಿಯಾಗಿ ಮಧ್ಯದಲ್ಲಿ ನಿಂತರೆ ಸರಳು ಸಮನಾಗಿದೆ ಎಂದರ್ಥ. ಒಂದು ಕೂದಲೆಳೆಯಷ್ಟು ಓರೆಯಾದರೂ ಗುಳ್ಳೆ ಪಕ್ಕಕ್ಕೆ ಓಡುತ್ತದೆ. ಅಮ್ಮ ಎಷ್ಟೇ ಅವಸರವಿದ್ದರೂ ಗುಳ್ಳೆಯನ್ನು ಕೇಳದೆ ಒಂದು ಸ್ಕ್ರೂ ಕೂಡ ತಿರುಗಿಸುವವಳಲ್ಲ.

ಎರಡು ಕಿಟಕಿ ಮುಗಿಯುವ ಹೊತ್ತಿಗೆ ಡಾಕ್ಟರಿಗೆ ಮಲಗುವ ಕೋಣೆಯ ಪರದೆಯ ಬಣ್ಣದ ಬಗ್ಗೆ ಅನುಮಾನ ಬಂತು. ಕಾರಿನಲ್ಲಿದ್ದ ಸ್ಯಾಂಪಲ್ ಪುಸ್ತಕ ತರಲು ಅಮ್ಮ ಬಟಾಣಿಯ ಕೈಗೆ ಕೀ ಕೊಟ್ಟು ಕಳಿಸಿದಳು.

ಬಟಾಣಿ ಸ್ಯಾಂಪಲ್ ಪುಸ್ತಕ ಎತ್ತಿಕೊಂಡಳು. ಕಾರಿನ ಬಾಗಿಲು ಹಾಕಿದಳು. ಆದರೆ ಹೋಗಲು ಮನಸ್ಸಾಗಲಿಲ್ಲ. ಜ್ವರ ಬಂದವರ ಹಣೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಬೇಕು ಅನ್ನಿಸುತ್ತದಲ್ಲ, ಅವಳಿಗೂ ಹಾಗೇ ಆಗುತ್ತಿತ್ತು. ಭಾನುವಾರ ಬರಲಿಕ್ಕೆ ಇನ್ನೂ ಒಂದು ದಿನವಿದ್ದರೂ ಅವಳು ಬಾನೆಟ್ ಎತ್ತಿ ಕಡ್ಡಿ ಎಳೆದಳು.

ಒರೆಸಿದಳು. ಅದ್ದಿದಳು. ತೆಗೆದು ನೋಡಿದಳು.

ಆಯಿಲ್ ಮೇಲಿನ ಗೆರೆಯನ್ನೂ ದಾಟಿ ಎರಡು ಬೆರಳು ಮೇಲಿತ್ತು.

ಎಲ್ಲೋ ಒರೆಸಿದ್ದು ಸರಿಯಾಗಿಲ್ಲ ಅಂದುಕೊಂಡಳು. ಮತ್ತೆ ಒರೆಸಿ ಅದ್ದಿದಳು. ಅಷ್ಟೇ ಇತ್ತು. ಮೂರನೇ ಸಲವೂ ಅಷ್ಟೇ. ಹೋದ ಭಾನುವಾರ ಕಡಿಮೆ ಇದ್ದ ಆಯಿಲ್, ಬರೀ ಅರ್ಧ ಕಪ್ ಹಾಕಿದ್ದಕ್ಕೆ ಇಷ್ಟು ಜಾಸ್ತಿ ಹೇಗಾಯಿತು? ಕಾರೇನು ಹಸುವೇ, ತನ್ನಷ್ಟಕ್ಕೆ ಕೆಚ್ಚಲು ತುಂಬಿಕೊಳ್ಳಲು?

ಮೇಲಿನಿಂದ ಅಮ್ಮ ಕರೆದಳು. ಬಟಾಣಿ ಬಾನೆಟ್ ಮುಚ್ಚಿ ಓಡಿದಳು. ಆಮೇಲೆ ಡಾಕ್ಟರ ಮನೆಯಲ್ಲಿ ಬಿಸ್ಕತ್ತು ಕೊಟ್ಟರೂ ಅವಳ ಗಮನ ಬಿಸ್ಕತ್ತಿನ ಮೇಲಿರಲಿಲ್ಲ.

ಅವರ ಹೊಸ ಮನೆ ಇರುವುದು ಏರು ರಸ್ತೆಯಲ್ಲಿ. ಚೆಂಡು ಕೈತಪ್ಪಿ ಬಿದ್ದರೆ ಕೆಳಗಿನ ದಿನಸಿ ಅಂಗಡಿಗೆ ಹೋಗಿಯೇ ತರಬೇಕು. ಕಾರು ಬಂದು ನಿಂತ ತಕ್ಷಣ ಬಟಾಣಿ ಇಳಿದು ಹಿಂದಿನ ಗಾಲಿಗಳಿಗೆ ಎರಡು ಇಟ್ಟಿಗೆ ಇಡುತ್ತಾಳೆ. ಅಂದೂ ಇಟ್ಟಳು. ಕಾರು ಮೂತಿ ಮೇಲೆ ಮಾಡಿಕೊಂಡು ನಿಂತಿತು.

ಇಂಜಿನ್ ತಣ್ಣಗಾಗಲಿ ಎಂದು ಹಾಲು ಕುಡಿದು, ಸ್ವಲ್ಪ ಹೊತ್ತು ಕಾದು, ಅವಳು ಮತ್ತೆ ಕಡ್ಡಿ ಎಳೆದಳು. ಈಗ ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿತ್ತು.

ಅದೇ ಕಾರು, ಅದೇ ದಿನ, ಅದೇ ಕಡ್ಡಿ.

ಬಟಾಣಿ ಕಡ್ಡಿ ಹಿಡಿದುಕೊಂಡು ರಸ್ತೆಯ ಮೇಲೊಮ್ಮೆ, ಕೆಳಗೊಮ್ಮೆ ನೋಡಿದಳು. ಇಟ್ಟಿಗೆಗಳನ್ನು ನೋಡಿದಳು. ಏನೋ ಹೊಳೆಯಿತು. ಒಳಗೆ ಓಡಿಹೋಗಿ ಅಮ್ಮನ ಚೀಲದಿಂದ ರಸಮಟ್ಟ ತಂದು, ಕಾರಿನ ಬಾಗಿಲು ತೆಗೆದು ಅದರ ಹೊಸ್ತಿಲ ಮೇಲೆ ಇಟ್ಟಳು.

ಗುಳ್ಳೆ ಒಂದು ಕ್ಷಣವೂ ಯೋಚಿಸಲಿಲ್ಲ. ಸರ್ರನೆ ಒಂದು ತುದಿಗೆ ಓಡಿ ಅಲ್ಲೇ ಕೂತಿತು.

ಕಾರು ಓರೆಯಾಗಿದ್ದರೆ ಒಳಗಿನ ಆಯಿಲೂ ಹಿಂದಕ್ಕೆ ಸರಿದಿರುತ್ತದೆ. ಕಡ್ಡಿ ಇರುವುದು ಮುಂದೆ. ಆಯಿಲ್ ತುಂಬಿ ತುಳುಕುತ್ತಿದ್ದರೂ ಕಡ್ಡಿಗೆ ಸಿಗುತ್ತಿರಲಿಲ್ಲ. ಅವಳು ಮಾತ್ರ ಪಾಪ, ಹಸಿದಿದೆ ಎಂದುಕೊಂಡು ವಾರವಾರ ಹಾಕುತ್ತಲೇ ಇದ್ದಳು. ಒಂದಲ್ಲ ಎರಡಲ್ಲ, ಹನ್ನೆರಡು ಭಾನುವಾರ.

ಬಟಾಣಿ ಕಡ್ಡಿಯನ್ನು ಮೆಲ್ಲಗೆ ಇಂಜಿನ್ನಿಗೆ ಸಿಕ್ಕಿಸಿ ಬಾನೆಟ್ ಮುಚ್ಚಿದಳು. ಇಂಜಿನ್ ಹಾಳುಮಾಡಿದ್ದು ನಾನೇನಾ?

ಸಂಜೆ ಪಕ್ಕದ ಮನೆಯ ಅಂಕಲ್ ಬಂದಾಗ ಅಪ್ಪ ಪುಸ್ತಕ ತೋರಿಸಿದ. ದೊಡ್ಡ ಗ್ಯಾರೇಜಿನವರೇ ಮೆಚ್ಚಿದ್ದಾರೆ ಎಂದ. ಅಂಕಲ್ ಕೂಡ ಭೇಷ್ ಎಂದರು. ಬಟಾಣಿ ನೆಲ ನೋಡುತ್ತ ಕೂತಳು. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವುದೇ ಇಲ್ಲ. ಸೋಮವಾರ ಇಂಜಿನ್ ಬಿಚ್ಚುತ್ತಾರೆ, ಮತ್ತೆ ಕೂಡಿಸುತ್ತಾರೆ, ಪುಸ್ತಕವನ್ನು ಎಲ್ಲರೂ ಹೊಗಳುತ್ತಲೇ ಇರುತ್ತಾರೆ. ಬಾಯಿ ಬಿಟ್ಟರೆ ಎಲ್ಲರೂ ನಗುತ್ತಾರೆ. ಬೈದರೂ ಬೈಯಬಹುದು.

ಒಳಗೆ ಮೆಷಿನ್ ಗರ್ ಎಂದು ನಿಂತ ಸದ್ದು ಕೇಳಿತು. ಬಟಾಣಿ ಎದ್ದು ಬಾಗಿಲ ಹತ್ತಿರ ಹೋದಳು. ಅಮ್ಮ ಭುಜ ಎತ್ತಿ, ತುಟಿ ಕಚ್ಚಿಕೊಂಡು ಚಕ್ರ ತಿರುಗಿಸುತ್ತಿದ್ದಳು.

"ಅಮ್ಮಾ, ನನ್ನ ಪುಸ್ತಕ ತಪ್ಪು," ಎಂದಳು ಬಟಾಣಿ.

ಅಮ್ಮ ತಿರುಗಿ ನೋಡಿದಳು. "ಯಾಕೆ, ಸುಳ್ಳು ಬರೆದಿದ್ದೀಯಾ?"

"ಇಲ್ಲಮ್ಮ. ಕಂಡಿದ್ದನ್ನೇ ಬರೆದಿದ್ದೀನಿ. ಆದ್ರೆ ಕಾರು ಓರೆಯಾಗಿ ನಿಂತಿತ್ತು."

ಆಮೇಲೆ ಎಲ್ಲವೂ ಒಂದೇ ಉಸಿರಿಗೆ ಹೊರಗೆ ಬಂತು, ಪಾರ್ಕಿಂಗು, ಕಡ್ಡಿ, ಇಟ್ಟಿಗೆ, ಗುಳ್ಳೆ, ಜೊತೆಗೆ ಸ್ವಲ್ಪ ಅಳುವೂ. ಅಪ್ಪ ಮಾತು ಕೇಳಿಸಿಕೊಂಡು ಒಳಗೆ ಬಂದ. ಮೂವರೂ ಹೊರಗೆ ಹೋಗಿ ಕಾರಿನ ಮುಂದೆ ನಿಂತರು. ಅಪ್ಪ ರಸಮಟ್ಟವನ್ನು ತಾನೇ ಇಟ್ಟು ನೋಡಿದ. ಕಡ್ಡಿಯನ್ನೂ ಎಳೆದು ನೋಡಿದ. ಆಮೇಲೆ ಕಾರನ್ನು ಕೆಳಗೆ ದಿನಸಿ ಅಂಗಡಿಯ ಮುಂದಿನ ಸಮ ಜಾಗಕ್ಕೆ ಇಳಿಸಿ, ಕಾದು, ಇನ್ನೊಮ್ಮೆ ನೋಡಿದ.

"ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡೋನು ನಾನು," ಎಂದ ಅಪ್ಪ. "ನನ್ನ ಮನೆ ಮುಂದಿನ ಏರು ನನಗೇ ಕಾಣಿಸ್ಲಿಲ್ಲ ನೋಡು."

ಹಳೇ ಮನೆಯ ಬೀದಿ ಸಮನಾಗಿತ್ತು. ಸಮ ಜಾಗದಲ್ಲಿ ನಿಲ್ಲಿಸಿ ನೋಡಬೇಕು ಎಂದು ಹೇಳಿಕೊಡುವ ಅಗತ್ಯವೇ ಅಲ್ಲಿ ಬಂದಿರಲಿಲ್ಲ. ಅಪ್ಪನಿಗೂ ಅದು ಮರೆತೇಹೋಗಿತ್ತು. ಅಮ್ಮ ಬಟಾಣಿಯ ಕಣ್ಣೊರೆಸಿದಳು.

"ನೀನು ಬರೀ ಬರೆದೆ. ನಾವು ದೊಡ್ಡವರು ಅದನ್ನ ಓದಿದ್ವಿ ಅಷ್ಟೇ. ಒಬ್ಬರಾದ್ರೂ ಬಾನೆಟ್ ಎತ್ತಿದ್ವಾ?"

ಬಟಾಣಿ ಯೋಚಿಸಿದಳು. ನಿಜ, ಟೈ ಅಂಕಲ್ ಕೂಡ ಎತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆಯೇ ಮೆಕ್ಯಾನಿಕ್ ಮಾಮನ ಶೆಡ್ಡಿಗೆ ಹೋದರು. ಮೆಕ್ಯಾನಿಕ್ ಮಾಮ ಮಾತಿನಲ್ಲಿ ಬಲು ಜಿಪುಣ. ಅಪ್ಪ ಕತೆಯೆಲ್ಲ ಹೇಳಿ ಮುಗಿಸುವ ತನಕ ಕೈ ಒರೆಸುತ್ತ ನಿಂತರು. ಆಮೇಲೆ ಕಡ್ಡಿ ಎಳೆದು ಬೆಳಕಿಗೆ ಹಿಡಿದರು.

"ಹೊಟ್ಟೆ ತುಂಬಿದ ಮಗೂಗೆ ಹಿಡಿದು ಹಿಡಿದು ತಿನ್ನಿಸಿದ್ದೀರಿ," ಎಂದರು. "ಅದು ಏನು ಮಾಡುತ್ತೆ? ಕಕ್ಕುತ್ತೆ. ಜಾಸ್ತಿಯಾದ ಆಯಿಲ್ ಸುಟ್ಟು ನೀಲಿ ಹೊಗೆಯಾಗಿ ಹೋಗ್ತಿದೆ. ಹೋದಷ್ಟನ್ನೂ ನೀವು ಮತ್ತೆ ಹಾಕ್ತಿದ್ದೀರಿ."

ಬಟಾಣಿಗೆ ಕೇಳದೆ ಇರಲಾಗಲಿಲ್ಲ. "ಇಂಜಿನ್ ಹಾಳಾಗಿದೆಯಾ ಮಾಮಾ?"

ಹಾಳಾಗಿದೆ ಎಂದು ಅವರು ಹೇಳಲಿಲ್ಲ, ಆಗಿಲ್ಲ ಎಂದೂ ಹೇಳಲಿಲ್ಲ. ನೋಡದೆ ಏನು ಹೇಳಲಿ ಎಂದು ಕಾರಿನ ಕೆಳಗೆ ತೂರಿಕೊಂಡರು. ತಟ್ಟೆಯೊಳಗೆ ಕಪ್ಪು ಆಯಿಲ್ ಗಳಗಳನೆ ಬಿತ್ತು. ಬೀಳುತ್ತಲೇ ಇತ್ತು. ಬಟಾಣಿ ಮನಸ್ಸಿನಲ್ಲೇ ಒಂದು ಭಾನುವಾರ, ಎರಡು ಭಾನುವಾರ ಎಂದು ಎಣಿಸುತ್ತ ಕೂತಳು. ಸಾಕಾದಾಗ ಮಾಮ ತಿರುಪು ಬಿಗಿದು ಮೇಲೆ ಬಂದರು. ಇಂಜಿನ್ನಿನ ನಾಲ್ಕು ಪ್ಲಗ್ ಕಳಚಿ, ಆ ತೂತುಗಳಿಗೆ ಒಂದೊಂದಾಗಿ, ಒಳಗಿನ ಒತ್ತಡ ಅಳೆಯುವ ಗಡಿಯಾರದಂಥ ಮೀಟರ್ ಸಿಕ್ಕಿಸಿ, ಅಪ್ಪನಿಗೆ ಕೀ ತಿರುಗಿಸಲು ಹೇಳಿ, ಮುಳ್ಳು ಎಲ್ಲಿಗೆ ಏರುತ್ತದೆ ಎಂದು ನೋಡಿದರು. ನಾಲ್ಕು ಸಲವೂ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ಹೋಗಿ ನಿಂತಿತು.

"ನಾಲ್ಕೂ ಗಟ್ಟಿಯಾಗಿವೆ. ಸವೆದಿದ್ರೆ ಇಷ್ಟು ಏರ್ತಿರಲಿಲ್ಲ," ಎಂದರು ಮಾಮ. "ಒಂದು ವಾರ ಓಡಿಸಿ. ಪೈಪಿನಲ್ಲಿ ಉಳಿದಿದ್ದು ಸುಟ್ಟುಹೋಗೋ ತನಕ ಹೊಗೆ ಬರುತ್ತೆ. ಆಮೇಲೂ ಬಂದ್ರೆ ತನ್ನಿ, ನಾನೇ ಬಿಚ್ತೀನಿ. ಬರದಿದ್ರೆ ಬಿಚ್ಚೋದ್ಯಾಕೆ?"

ಸೋಮವಾರ ಕಾರು ದೊಡ್ಡ ಗ್ಯಾರೇಜಿಗೆ ಹೋಗಲಿಲ್ಲ.

ಆ ವಾರವೆಲ್ಲ ಬಟಾಣಿಗೆ ಕಾರಿನ ಹಿಂಭಾಗವೇ ಟೀವಿ. ಅಪ್ಪ ಸ್ಟಾರ್ಟ್ ಮಾಡುವ ಮೊದಲೇ ಓಡಿಹೋಗಿ ನಿಲ್ಲುತ್ತಿದ್ದಳು. ಸೋಮವಾರ ನೀಲಿ ಹೊಗೆ ಬಂತು. ಮಂಗಳವಾರವೂ ಬಂತು, ಬಟಾಣಿ ತಿಂಡಿ ಅರ್ಧ ಬಿಟ್ಟಳು. ಬುಧವಾರ ಬಂತೋ ಇಲ್ಲವೋ ಎಂದು ಅಪ್ಪನಿಗೂ ಅವಳಿಗೂ ಜಗಳವಾಯಿತು. ಶುಕ್ರವಾರ ಪೈಪಿನ ಹಿಂದೆ ಬಿಳಿ ಕರ್ಚೀಫು ಹಿಡಿದು ನೋಡಿದಳು. ಕರ್ಚೀಫು ಸ್ವಲ್ಪ ಬೂದಿ ಬಣ್ಣವಾಯಿತು, ನೀಲಿ ಹೊಗೆ ಮಾತ್ರ ಕಾಣಲೇ ಇಲ್ಲ. ಆ ಕರ್ಚೀಫು ಅಪ್ಪನದಾಗಿತ್ತು. ಅದರ ವಿಚಾರಣೆ ಬೇರೆಯಾಗಿ ನಡೆಯಿತು.

ಭಾನುವಾರ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಕಡ್ಡಿ ಎಳೆದರು. ಆಯಿಲ್ ಹೋದ ವಾರ ಎಲ್ಲಿತ್ತೋ ಅಲ್ಲೇ ಇತ್ತು. ಅಪ್ಪ ಅಲ್ಲಿಂದಲೇ ಟೈ ಅಂಕಲ್‌ಗೆ ಫೋನ್ ಮಾಡಿ ವಿಷಯವೆಲ್ಲ ತಿಳಿಸಿದ. ಅವರು, ನಾನೂ ಕಡ್ಡಿ ತೆಗೆದು ನೋಡಬೇಕಾಗಿತ್ತು, ನಿಮ್ಮ ಮಗಳಿಗೆ ಹೇಳಿ ಎಂದರಂತೆ. ಅಪ್ಪ ಹೇಳಿದ. ಬಟಾಣಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ತಪ್ಪು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಅಂತ ಅವಳಿಗೆ ಗೊತ್ತಿತ್ತು.

ಮುಂದಿನ ಶನಿವಾರ ಮೂವರೂ ಹೊಲಿಗೆ ಮೆಷಿನ್ನಿನ ಅಂಗಡಿಗೆ ಹೋದರು.

ಅಮ್ಮ ಮೂರು ಸಲ ನೋಡಿ ಹೋಗಿದ್ದ ಮೆಷಿನ್ ಗಾಜಿನ ಮೇಜಿನ ಮೇಲಿತ್ತು. ಬೆಳ್ಳಗೆ ಹೊಳೆಯುತ್ತಿತ್ತು. ಅದಕ್ಕೊಂದು ಪುಟ್ಟ ಸ್ಕ್ರೀನ್ ಬೇರೆ. ಅಂಗಡಿಯವರು ಒಂದು ತೆಳು ಬಟ್ಟೆಯ ಮೇಲೆ ಹೂವು, ಬಳ್ಳಿ, ಬಾತುಕೋಳಿಗಳನ್ನೆಲ್ಲ ಸರಸರ ಹೊಲಿದು ತೋರಿಸಿದರು. ಎಂಥ ದಪ್ಪ ಬಟ್ಟೆಯನ್ನೂ ಹೊಲಿಯುತ್ತದೆ, ಇಗೋ ಇಲ್ಲೇ ಪ್ರಿಂಟಾಗಿದೆ ಎಂದು ಪುಸ್ತಕದ ಪುಟ ತೆಗೆದು ಬೆರಳಿಟ್ಟರು. ಅಮ್ಮನ ಕಣ್ಣು ಮಿನುಗುತ್ತಿತ್ತು. ಅಪ್ಪನ ಕಣ್ಣಂತೂ ಬಾತುಕೋಳಿಯ ಮೇಲೇ ಇತ್ತು. ಅಮ್ಮ ಬ್ಯಾಗಿನ ಜಿಪ್ ಎಳೆದಳು.

ಬಟಾಣಿ ಆ ಪ್ರಿಂಟಾದ ಸಾಲನ್ನೇ ನೋಡುತ್ತಿದ್ದಳು. ನೂಲಿನ ಬಣ್ಣ ಹೊಂದಿಸಲೆಂದು ಅಮ್ಮ ತಂದಿದ್ದ ಪರದೆ ಬಟ್ಟೆಯ ತುಂಡು ಅವಳ ಕೈಯಲ್ಲಿತ್ತು.

"ಅಂಕಲ್, ಇದನ್ನ ನಾಲ್ಕು ಮಡಿಕೆ ಮಾಡಿ ಹೊಲಿದು ನೋಡಬಹುದಾ?"

ಅದೆಲ್ಲ ಬೇಡಮ್ಮ, ಕಂಪನಿಯವರೇ ಬರೆದಿದ್ದಾರಲ್ಲ ಎಂದರು ಅಂಗಡಿಯವರು. ಅಮ್ಮ ಬಟಾಣಿಯ ಮುಖ ನೋಡಿದಳು. ಆಮೇಲೆ ಜಿಪ್ ಮತ್ತೆ ಎಳೆದು ಮುಚ್ಚಿ, ಬಟ್ಟೆ ಮಡಿಸಿಕೊಂಡು ಮೆಷಿನ್ನಿನ ಮುಂದೆ ಕೂತಳು.

ಬಿಳಿ ಮೆಷಿನ್ ಎರಡು ಬೆರಳಿನಷ್ಟು ದೂರ ಹೊಲಿಯಿತು. ಆಮೇಲೆ ಟಕ್ ಎಂದಿತು. ಸೂಜಿ ಮುರಿದಿತ್ತು.

ಅಂಗಡಿಯವರು ಇನ್ನೊಂದು ಸೂಜಿ ಹಾಕಿದರು. ಅದೂ ಮುರಿಯಿತು. ಅವರು ತಲೆ ಕೆರೆದುಕೊಂಡರು. ಮೂಲೆಯಲ್ಲಿ ಡಬ್ಬಗಳ ಹಿಂದೆ ಒಂದು ಹಸಿರು ಮೆಷಿನ್ನಿತ್ತು. ಇದನ್ನು ಯಾರೂ ಕೇಳುವುದೇ ಇಲ್ಲ, ನೋಡಲು ಚೆನ್ನಾಗಿಲ್ಲ ಎಂದು ಹೇಳುತ್ತ ಅದನ್ನು ಎಳೆದು ತಂದು ಧೂಳು ಒರೆಸಿದರು.

ಅಮ್ಮ ಬಟ್ಟೆಯನ್ನು ಅದರ ಸೂಜಿಯ ಕೆಳಗಿಟ್ಟಳು. ಮೆಷಿನ್ ಟಕಟಕ ಎಂದು ಹೊರಟಿತು. ನಾಲ್ಕು ಮಡಿಕೆಯ ಮೇಲೆ ಹತ್ತಿತು, ದಾಟಿತು, ಇಳಿಯಿತು, ಮುಂದೆ ಹೋಯಿತು. ಅಂಗಡಿಯವರು ಬಗ್ಗಿ ಹೊಲಿಗೆ ನೋಡುತ್ತಿದ್ದರು. ಅಪ್ಪನೂ ಕನ್ನಡಕ ಮೇಲಕ್ಕೇರಿಸಿ ಅದನ್ನೇ ನೋಡುತ್ತಿದ್ದ.

ಬಟಾಣಿ ಹೊಲಿಗೆಯನ್ನು ನೋಡಲಿಲ್ಲ. ಅವಳು ಅಮ್ಮನ ಬೆನ್ನ ಹಿಂದೆ ಹೋಗಿ ನಿಂತು ಬಲಭುಜವನ್ನು ನೋಡುತ್ತಿದ್ದಳು. ಬಟ್ಟೆಯ ತುದಿ ಬರುವ ತನಕ ನೋಡಿದಳು. ಭುಜ ಒಂದು ಸಲವೂ ಮೇಲೇಳಲಿಲ್ಲ.

"ಇನ್ನೊಂದ್ಸಲ ಹೊಲಿಯಮ್ಮ," ಎಂದಳು ಬಟಾಣಿ.